ಸದ್ದೇ ಮಾಡದ ಒಂದು ರೆಸಿಸ್ಟರ್

ಮೊನ್ನೆ ಶನಿವಾರ ಶಾಲೆಗೆ ರಜೆ. ಹೊರಗೆ ಬಿಡದೆ ಸುರಿಯುವ ಮಳೆ. ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ, ನನ್ನ ಪೆಟ್ಟಿಗೆಯ ಮುಚ್ಚಳದ ಸ್ಕ್ರೂ ಬಿಚ್ಚಿ ಕೂತಿದ್ದೆ. ಅಡುಗೆಮನೆಯಿಂದ ಬಂದ ಮನೆಯವಳು ಬಾಗಿಲಲ್ಲೇ ನಿಂತಳು.

"ಪುನಃ ಬಿಚ್ಚಿದ್ದಾ? ಊಟಕ್ಕೆ ಮೇಜು ಬೇಕು ಮಾರಾಯ್ರೆ."

ಈ 'ಪುನಃ' ಎನ್ನುವ ಮಾತಿನಲ್ಲಿ ಹದಿನೈದು ವರ್ಷಕ್ಕೂ ಹೆಚ್ಚಿನ ಚರಿತ್ರೆ ಉಂಟು. ಪಾಠ, ಪರೀಕ್ಷೆ, ಗಡಿನಾಡಿನ ಸುದ್ದಿ ಇವುಗಳ ಮಧ್ಯೆ ಈ ಪೆಟ್ಟಿಗೆಯ ಬಗ್ಗೆ ಒಮ್ಮೆಯೂ ಬರೆದಿರಲಿಲ್ಲ. ಬರೆಯದಿರಲು ಒಂದು ಕಾರಣವೂ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ.

ನಾನು ಬೇಸ್ ಗಿಟಾರ್ ನುಡಿಸುತ್ತೇನೆ. ದೊಡ್ಡ ವಿದ್ವಾಂಸನೇನೂ ಅಲ್ಲ. ಬಿ.ಎಡ್. ಮಾಡುವಾಗ ಒಂದು ಗಾನಮೇಳದ ತಂಡದಲ್ಲಿ ಬೇಸ್ ನುಡಿಸುವವರು ಕೈಕೊಟ್ಟರು ಅಂತ ನನ್ನ ಕೈಗೆ ಅದನ್ನು ಕೊಟ್ಟರು. ಅಲ್ಲಿಂದ ಹಿಡಿದದ್ದು ಬಿಡಲಿಲ್ಲ. ನಾಲ್ಕೇ ತಂತಿ. ಅತ್ಯಂತ ದಪ್ಪದ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಇದನ್ನು ಮಾರುಕಟ್ಟೆಗೆ ತರುವವರೆಗೆ ಈ ಕೆಲಸಕ್ಕೆ ಆಳೆತ್ತರದ ಮರದ ಡಬಲ್ ಬೇಸನ್ನು ಹೊತ್ತುಕೊಂಡು ತಿರುಗಬೇಕಿತ್ತು. ಹಾಡಿನಲ್ಲಿ ಬೇಸ್ ಇದೆ ಅಂತ ಕೇಳುಗರಿಗೆ ಗೊತ್ತೇ ಆಗುವುದಿಲ್ಲ. ನಿಲ್ಲಿಸಿದರೆ ಮಾತ್ರ "ಎಂತದೋ ಹೋಯಿತಲ್ಲ" ಅಂತ ತಲೆ ಎತ್ತಿ ನೋಡುತ್ತಾರೆ. ಮೇಷ್ಟ್ರ ಕೆಲಸದ ಹಾಗೆಯೇ ಅನ್ನಿ!

ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಗಿಟಾರಿನಿಂದ ಬರುವ ಸಣ್ಣ ಸಂಕೇತವನ್ನು ದೊಡ್ಡ ಆಂಪ್ಲಿಫೈಯರಿಗೆ ಕೊಡುವ ಮೊದಲು ಸ್ವಲ್ಪ ಬೆಳೆಸಿ, ತಿದ್ದಿ ಕೊಡುವುದು ಪ್ರಿಆಂಪ್. ನನ್ನದು ವಾಲ್ವಿನದು, ಅಂದರೆ ಗಾಜಿನ ಬುರುಡೆಯೊಳಗೆ ಕಿತ್ತಳೆ ಬಣ್ಣದಲ್ಲಿ ಮಿನುಗುವ, ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥದ್ದು. ಟ್ರಾನ್ಸಿಸ್ಟರ್ ಬಂದು ಇಷ್ಟು ಕಾಲವಾದ ಮೇಲೂ ಗಿಟಾರಿನವರು ಇದನ್ನು ಬಿಟ್ಟಿಲ್ಲ. ಜೋರಾಗಿ ತಂತಿ ಮೀಟಿದಾಗ ವಾಲ್ವು ಒಮ್ಮೆಲೇ ಕರ್ಕಶವಾಗುವುದಿಲ್ಲ, ಮೆಲ್ಲಗೆ ದುಂಡಗಾಗುತ್ತಾ ಹೋಗುತ್ತದೆ. ಆ ದುಂಡಗಿನ ಮೋಹ ನಮಗೆ.

ನನಗೆ ಮೋಹ ಹಿಡಿಸಿದ್ದು ಗಿಟಾರ್ ಅಲ್ಲ, ನಮ್ಮೂರ ಮೈಕ್ ಸೆಟ್ಟು. ಮದುವೆ, ಕೋಲ, ಬಯಲಾಟ ಎಲ್ಲದಕ್ಕೂ ಮೈಕ್ ಕಟ್ಟುತ್ತಿದ್ದವರೊಬ್ಬರಿದ್ದರು. ಊರಿಗೆಲ್ಲ ಅವರು ಮೈಕಣ್ಣ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ನನ್ನ ಅಪ್ಪನೊಡನೆ ಮಾತ್ರ ಪುಸ್ತಕದ ಕನ್ನಡ. ಅಪ್ಪನೂ ಮೇಷ್ಟ್ರೇ. ತೆಂಗಿನ ಮರಕ್ಕೆ ಹಾರ್ನ್ ಕಟ್ಟಿ, ವಾಲ್ವ್ ಆಂಪ್ಲಿಫೈಯರಿನ ಸ್ವಿಚ್ ಹಾಕಿ, ಮೈಕಣ್ಣ ಬೀಡಿ ಹಚ್ಚಿ ಕೂರುತ್ತಿದ್ದರು. ಭಾಗವತರು ಅವಸರ ಮಾಡಿದರೆ "ವಾಲ್ವು ಬಿಸಿ ಆಗ್ಲಿ" ಎನ್ನುತ್ತಿದ್ದರು. ಆ ಅರ್ಧ ನಿಮಿಷ ಇಡೀ ಊರು ಅವರಿಗಾಗಿ ಕಾಯುತ್ತಿತ್ತು. ಚಿಕ್ಕವನಾಗಿದ್ದ ನನಗೆ ಅವರಿಗಿಂತ ದೊಡ್ಡ ಅಧಿಕಾರಿ ಇಲ್ಲ ಅನಿಸುತ್ತಿತ್ತು.

2009ರಲ್ಲಿ ಸ್ವಂತಕ್ಕೆ ಒಂದು ಪ್ರಿಆಂಪ್ ಕಟ್ಟುವ ಹುಚ್ಚು ಬಂತು. ಕೊಳ್ಳಬಹುದಿತ್ತಲ್ಲ ಅಂದರೆ, ಹೊರದೇಶದಿಂದ ತರಿಸುವ ಬೆಲೆ ನನ್ನ ಸಂಬಳಕ್ಕೆ ಹೊಂದುತ್ತಿರಲಿಲ್ಲ. ಆದರೆ ಅದರ ನಕ್ಷೆ ಗುಟ್ಟೇನಲ್ಲ. ಅಮೆರಿಕದ ಅಲೆಂಬಿಕ್ ಎಂಬವರ ಹೆಸರುವಾಸಿ ಬೇಸ್ ಪ್ರಿಆಂಪ್ ಕೂಡ ಹಳೆಯ ಫೆಂಡರ್ ಆಂಪ್ಲಿಫೈಯರಿನ ಮುಂಭಾಗದ ಮೇಲೆಯೇ ನಿಂತದ್ದು. ಒಂದು ವಾಲ್ವು, ಅದರೊಳಗೆ ಎರಡು ಟ್ರಯೋಡು, ಮಧ್ಯೆ ಬೇಸ್, ಮಿಡ್ಲ್, ಟ್ರೆಬಲ್ ಎಂಬ ಮೂರು ಕಂಟ್ರೋಲು. ವಾಲ್ವಿನ ಹೆಸರು ಅಮೆರಿಕದಲ್ಲಿ 12ಎಎಕ್ಸ್7, ಯುರೋಪಿನಲ್ಲಿ ಇಸಿಸಿ83. ಎರಡೂ ಒಂದೇ. ಕಂಡೆನ್ಸರ್, ರೆಸಿಸ್ಟರುಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದೆ. ಟ್ರಾನ್ಸ್‌ಫಾರ್ಮರ್ ಮಾತ್ರ ಎಲ್ಲಿಯೂ ಸಿಗಲಿಲ್ಲ. ಕೊನೆಗೆ ಅಡಿಕೆ ತೋಟದ ಪಂಪಿನ ಮೋಟಾರು ಸುತ್ತಿಕೊಡುವ ನಮ್ಮ ಪೇಟೆಯ ಅಂಗಡಿಯವನೇ ಸುತ್ತಿಕೊಟ್ಟ. 230 ವೋಲ್ಟಿಗೆ 230, ಜೊತೆಗೆ ವಾಲ್ವು ಬಿಸಿ ಮಾಡಲು 6.3. "230 ಕೊಟ್ಟು 230 ತೆಗೆಯುವುದಾ? ಹಾಗಾದರೆ ಟ್ರಾನ್ಸ್‌ಫಾರ್ಮರ್ ಎಂತಕ್ಕೆ ಸರ್?" ಅಂತ ಅವನಿಗೆ ನಗು. ಮನೆಯ ಲೈನಿನಿಂದ ಪೆಟ್ಟಿಗೆಯನ್ನು ಬೇರ್ಪಡಿಸಲಿಕ್ಕೆ ಅಂತ ಹೇಳಿದೆ. ಅದಿಲ್ಲದೆ ನೇರ ಲೈನಿಗೇ ಕೊಟ್ಟರೆ ಗಿಟಾರಿನ ತಂತಿಯಲ್ಲೇ ಯಮ ಕೂತಿರುತ್ತಾನೆ.

230ನ್ನು ನೇರ ಮಾಡಿದರೆ ತುದಿಯಲ್ಲಿ 325 ವೋಲ್ಟ್ ಸಿಗುತ್ತದೆ. ಅದನ್ನು ನಯಗೊಳಿಸಲು 47 ಮೈಕ್ರೋಫ್ಯಾರಡಿನ ಎರಡು ಕಂಡೆನ್ಸರ್. ನಕ್ಷೆ ನೋಡಿದ ಮೈಕಣ್ಣ ಕನ್ನಡಕ ಹಣೆಗೇರಿಸಿ, ಅವುಗಳಿಗೆ ಅಡ್ಡವಾಗಿ 220 ಕಿಲೋ ಓಮಿನ ಒಂದು ರೆಸಿಸ್ಟರ್ ಬೆಸೆದರು. "ಇದು ಬ್ಲೀಡರ್. ನಕ್ಷೆಯಲ್ಲಿ ಇಲ್ಲದಿದ್ರೂ ಇರ್ಲಿ."

ಸ್ವಿಚ್ ಹಾಕಿದ ಮೊದಲ ದಿನ ಬಂದದ್ದು ಸಂಗೀತವಲ್ಲ, ಹೂಂಕಾರ. ಲೈನಿನ 50 ಹರ್ಟ್ಸಿನ ಗುಂಯ್ ಸದ್ದು. ಒಂದು ತಮಾಷೆ ಗೊತ್ತುಂಟಾ? ಬೇಸಿನ ದಪ್ಪ ತಂತಿಯ ಮೂರನೆಯ ಮನೆಯಲ್ಲಿರುವ ಜಿ ಸ್ವರ 49 ಹರ್ಟ್ಸ್. ಆ ಸ್ವರ ಹಿಡಿದು ನಿಂತರೆ ಹೂಂಕಾರವೂ ತಂತಿಯೂ ಜಗಳವಾಡಿ ಸುಮಾರು ಸೆಕೆಂಡಿಗೊಮ್ಮೆ ವೂಂವ್, ವೂಂವ್ ಅಂತ ಉಬ್ಬಿ ಇಳಿಯುತ್ತಿತ್ತು. ತರಗತಿಯಲ್ಲಿ ವಿಸ್ಪಂದ ಕಲಿಸಲು ಇದಕ್ಕಿಂತ ಒಳ್ಳೆಯ ಉಪಕರಣ ಬೇಡ. ವಾಲ್ವು ಬಿಸಿ ಮಾಡುವ ಎರಡು ವೈರುಗಳನ್ನು ಜಡೆ ಹೆಣೆದಂತೆ ಬಿಗಿಯಾಗಿ ಹೊಸೆದು, ಅವುಗಳಿಂದ ನೆಲಕ್ಕೆ ನೂರು ನೂರು ಓಮಿನ ಎರಡು ರೆಸಿಸ್ಟರ್ ಕೊಟ್ಟ ಮೇಲೆ ಹೂಂಕಾರ ಅಡಗಿತು. ಇಷ್ಟಕ್ಕೆ ಹಿಡಿದದ್ದು ಎರಡು ತಿಂಗಳು.

ಮರುವರ್ಷ ಶಾಲೆಯ ವಾರ್ಷಿಕೋತ್ಸವ. ಮಕ್ಕಳ ಭಾವಗೀತೆಗೆ ಸಂಗೀತ ಟೀಚರ್ ಕೀಬೋರ್ಡ್, ನಾನು ಬೇಸ್. ಮನೆಯಲ್ಲಿ ನನ್ನ ಚಿಕ್ಕ ಗಿಟಾರ್ ಆಂಪ್ಲಿಫೈಯರಿಗೆ ಜೋಡಿಸಿದಾಗ ಕಿಟಕಿಯ ಗಾಜು ನಡುಗುತ್ತಿತ್ತು. ಅದೇ ಧೈರ್ಯದಲ್ಲಿ ವೇದಿಕೆಯಲ್ಲಿ ಮೈಕ್ ಸೆಟ್ಟಿನ ದೊಡ್ಡ ಆಂಪ್ಲಿಫೈಯರಿಗೆ ಜೋಡಿಸಿದೆ. ಮೀಟಿದರೆ ಟಿಕ್ ಟಿಕ್ ಅಂತ ತಗಡು ಬಡಿದ ಸದ್ದು, ಅದೂ ಪಿಸುಗುಟ್ಟಿದ ಹಾಗೆ. ಬೇಸ್ ಇಲ್ಲವೇ ಇಲ್ಲ! ಹಾಡು ಮುಗಿಯುವವರೆಗೆ ನಾನು ಸುಮ್ಮನೆ ಬೆರಳಾಡಿಸುತ್ತಾ ನಿಂತೆ. ಯಾರಿಗೂ ಗೊತ್ತಾಗಲಿಲ್ಲ ಎನ್ನುವುದೇ ಹೆಚ್ಚು ಬೇಸರದ ಸಂಗತಿ.

ಮೈಕಣ್ಣನಿಗೆ ಮಾತ್ರ ಗೊತ್ತಾಗಿತ್ತು. "ಕೊನೆಯ ಕಂಡೆನ್ಸರ್ ಸಣ್ಣದಾಯ್ತು ಮಾಸ್ಟ್ರೆ. ನಿಮ್ಮ ವಾಲ್ವಿಗೆ ತಾಕತ್ತೂ ಸಾಲ್ಲಿಕ್ಕಿಲ್ಲ."

ರಾತ್ರಿ ಮನೆಗೆ ಬಂದು ಲೆಕ್ಕ ಹಾಕಿದೆ. ವಾಲ್ವಿನ ಆನೋಡಿನಿಂದ ಹೊರಬರುವಾಗ ಒಳಗಿನ ಪ್ರತಿರೋಧವೇ ಸುಮಾರು 38 ಕಿಲೋ ಓಮ್. ಗಿಟಾರ್ ಆಂಪ್ಲಿಫೈಯರಿನ ಬಾಯಿ ಹತ್ತು ಲಕ್ಷ ಓಮಿನದು, ಅದು ಏನನ್ನೂ ಎಳೆಯುವುದಿಲ್ಲ. ಮೈಕ್ ಸೆಟ್ಟಿನದು ಬರೇ ಹತ್ತು ಸಾವಿರ. ಐದರಲ್ಲಿ ನಾಲ್ಕು ಪಾಲು ಸಂಕೇತ ಅಲ್ಲೇ ಹೋಯಿತು. ಮೇಲಾಗಿ ನಾನು ಹಾಕಿದ್ದ 0.022 ಮೈಕ್ರೋಫ್ಯಾರಡಿನ ಕಂಡೆನ್ಸರಿಗೆ ಈ ಹೊರೆ ಸಿಕ್ಕಿದರೆ 150 ಹರ್ಟ್ಸಿಗಿಂತ ಕೆಳಗಿನದೆಲ್ಲ ಸೋರಿಹೋಗುತ್ತದೆ. 41 ಹರ್ಟ್ಸಿನ ತಂತಿಯ ಗತಿ ಏನು ಹೇಳಿ! ನನಗೆ ಒಂದು ಹಾಳೆ ಲೆಕ್ಕ ಬೇಕಾದದ್ದನ್ನು ಮೈಕಣ್ಣ ಕಿವಿಯಲ್ಲೇ ಮಾಡಿದ್ದರು.

ಪರಿಹಾರ ಕ್ಯಾಥೋಡ್ ಫಾಲೋವರ್. ಇನ್ನೊಂದು ಟ್ರಯೋಡ್ ಸೇರಿಸಿ, ಸಂಕೇತವನ್ನು ಆನೋಡಿನ ಬದಲು ಕ್ಯಾಥೋಡಿನಿಂದ ಹೊರತೆಗೆಯುವುದು. ಅದು ಸದ್ದನ್ನು ಹೆಚ್ಚಿಸುವುದಿಲ್ಲ, ಬಲವನ್ನು ಕೊಡುತ್ತದೆ. ಹೊರಬರುವಾಗಿನ ಪ್ರತಿರೋಧ 38 ಸಾವಿರದಿಂದ ಆರುನೂರು ಚಿಲ್ಲರೆ ಓಮಿಗೆ ಇಳಿಯುತ್ತದೆ. ಕಂಡೆನ್ಸರ್ ಒಂದು ಮೈಕ್ರೋಫ್ಯಾರಡಿನದು ಹಾಕಿದರೆ 16 ಹರ್ಟ್ಸಿನವರೆಗೂ ತೊಂದರೆ ಇಲ್ಲ.

ಅದಕ್ಕೆ ಎರಡನೆಯ ವಾಲ್ವು ಬೇಕಲ್ಲ? ಮೈಕಣ್ಣ ಅಟ್ಟ ಹತ್ತಿ ಒಂದು ಬಿಸ್ಕತ್ತಿನ ಡಬ್ಬ ಇಳಿಸಿದರು. ಒಳಗೆ ಹಳೆಯ ಕಾಗದ ಸುತ್ತಿದ ಇಸಿಸಿ83. ಗಾಜಿನ ಮೇಲೆ ಬಿಇಎಲ್ ಗುರುತು. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಇಲೆಕ್ಟ್ರಾನಿಕ್ಸ್‌ನವರು 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ಕಂಪೆನಿಯ ಸಹಯೋಗದಿಂದ ವಾಲ್ವು ತಯಾರಿಸಲು ತೊಡಗಿದ್ದರು. ಅದೆಲ್ಲ ನಿಂತು ಎಷ್ಟೋ ಕಾಲವಾಯಿತು. ಈಗ ಹೊರದೇಶದ ಹವ್ಯಾಸಿಗಳು ಆ ಹಳೆಯ ವಾಲ್ವುಗಳನ್ನು ಹುಡುಕಿ ಕೊಳ್ಳುತ್ತಾರೆ. ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿ ನೋಡಿದೆ. ಕೆಲವು ವಾಲ್ವುಗಳು ಹೀಗೆ ತಟ್ಟಿದರೆ ಸ್ಪೀಕರಿನಲ್ಲಿ ಗಂಟೆಯಂತೆ ಮೊಳಗುತ್ತವೆ, ಅಂಥವು ಮೊದಲ ಹಂತಕ್ಕೆ ಆಗದು. ಇದು ಸುಮ್ಮನಿತ್ತು. ಹಾಗಾಗಿ ಜಾಲಹಳ್ಳಿಯದ್ದು ಮುಂದೆ, ನನ್ನ ರಷ್ಯಾದ್ದು ಹಿಂದೆ. "ತೆಗೆದಿಡ್ಲಿಕ್ಕೆ ಕೊಟ್ಟದ್ದಲ್ಲ, ಉರಿಸ್ಲಿಕ್ಕೆ ಕೊಟ್ಟದ್ದು" ಅಂದರು.

ಅದರ ಮುಂದಿನದು ಶುದ್ಧ ಚಟ. ಫೆಂಡರಿನ ಕಂಟ್ರೋಲುಗಳು ಗಿಟಾರಿಗೆಂದು ಹುಟ್ಟಿದವು. ಎಲ್ಲವನ್ನೂ ನಡುವೆ ಇಟ್ಟರೂ ಮಧ್ಯದ ಸ್ವರಗಳನ್ನು, ಹೆಚ್ಚುಕಡಿಮೆ 400-500 ಹರ್ಟ್ಸಿನ ಸುತ್ತ, ತೋಡಿ ಹಾಕುತ್ತವೆ. ಒಬ್ಬನೇ ಕೂತು ನುಡಿಸುವಾಗ ಅದು ಸಿಹಿ. ತಂಡದಲ್ಲಿ ಬೇಸ್ ಮಾಯ! ಬೇಸನ್ನೂ ಟ್ರೆಬಲನ್ನೂ ಎರಡಕ್ಕೆ ಇಳಿಸಿ, ಮಿಡ್ಲನ್ನು ಹತ್ತಕ್ಕೆ ಏರಿಸಿದರೆ ಬಹುಮಟ್ಟಿಗೆ ಸಮತಟ್ಟು. ನಾನು ಮಿಡ್ಲಿನ 10 ಕಿಲೋ ಓಮಿನ ಕಂಟ್ರೋಲನ್ನು ತೆಗೆದು 25 ಕಿಲೋ ಓಮಿನದು ಹಾಕಿದೆ. ಬೇಸಿನ ಪೆಟ್ಟಿಗೆ ಮಾಡಿಕೊಂಡು ಮಧ್ಯದ ಸ್ವರಕ್ಕೆ ಯಾಕೆ ಸಾಯುತ್ತೀರಿ ಅಂತ ಕೇಳಬಹುದು. ನಮ್ಮ ಸಭಾಂಗಣಗಳ ಸ್ಪೀಕರುಗಳಿಗೆ 41 ಹರ್ಟ್ಸ್ ನುಡಿಯುವ ಯೋಗ್ಯತೆ ಎಲ್ಲಿ? ತಂತಿಯ ಮೂಲ ಕಂಪನದ ಜೊತೆ ಅದರ ಎರಡರಷ್ಟು, ಮೂರರಷ್ಟಿನ ಕಂಪನಗಳೂ ಇರುತ್ತವೆ. ಅವು ಕೇಳಿಸಿದರೆ ಸಾಕು, ಕೆಳಗಿನದನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ.

ಹೀಗೆ ಒಂದೊಂದೇ ಬದಲಿಸುತ್ತಾ, ಬದಲಿಸಿದ್ದೆಲ್ಲ ಒಳ್ಳೆಯದೇ ಆಗುತ್ತಿದೆ ಅನ್ನುವ ಅಹಂಕಾರ ಬಂತು. ಎಲ್ಲೋ ಓದಿದೆ, ವಿದ್ಯುತ್ ಪೂರೈಕೆಯ ಮೇಲಿನ ಪ್ರತಿಯೊಂದು ಹೊರೆಯೂ ಗುಂಯ್ ಸದ್ದನ್ನು ತುಸು ಹೆಚ್ಚಿಸುತ್ತದೆ ಅಂತ. ಕಣ್ಣು ಬಿದ್ದದ್ದು ಮೈಕಣ್ಣ ಬೆಸೆದ ರೆಸಿಸ್ಟರಿನ ಮೇಲೆ. ಅರ್ಧ ವಾಟ್ ಸುಮ್ಮನೆ ಬಿಸಿಯಾಗಿ ಹೋಗುತ್ತಿದೆ, ಸದ್ದಿಗೆ ಅದರಿಂದ ಏನೂ ಇಲ್ಲ. ಪೆಟ್ಟಿಗೆ ಆರಿಸಿ, ಅದಿಲ್ಲದೆಯೂ ಕಂಡೆನ್ಸರ್ ಬರಿದಾಗುತ್ತದೆಯೇ ಅಂತ ಮೀಟರ್ ಇಟ್ಟು ನೋಡಿದೆ. ಕೆಲವೇ ಸೆಕೆಂಡಿನಲ್ಲಿ ಬಹುಪಾಲು ಇಳಿಯಿತು. ಹಾಗಾದರೆ ಬ್ಲೀಡರ್ ಎಂತಕ್ಕೆ? ಕತ್ತರಿಸಿ ಬಿಸಾಡಿದೆ.

2012ರಲ್ಲಿ ಒಂದು ದಿನ ಪೆಟ್ಟಿಗೆಯನ್ನು ಶಾಲೆಗೆ ಒಯ್ದೆ. ವಿಜ್ಞಾನ ಕ್ಲಬ್ಬಿನ ಮಕ್ಕಳಿಗೆ ವಾಲ್ವು ತೋರಿಸಬೇಕು ಅಂತ. ನಿರ್ವಾತ, ಋಣಾಗ್ರ, ಧನಾಗ್ರ ಅಂತ ಪುಸ್ತಕದಲ್ಲಿ ಓದುವ ಮಕ್ಕಳು ಅದನ್ನು ಗಾಜಿನೊಳಗೆ ಕಣ್ಣಾರೆ ಕಾಣಲಿ. 1904ರಲ್ಲಿ ಫ್ಲೆಮಿಂಗ್ ಎರಡು ಅಗ್ರದ ವಾಲ್ವು ಮಾಡಿದ್ದು, ಎರಡು ವರ್ಷಕ್ಕೆ ಲೀ ಡಿ ಫಾರೆಸ್ಟ್ ನಡುವೆ ಮೂರನೆಯದನ್ನು ತುರುಕಿದ್ದು, ಎಲ್ಲ ಹೇಳಿದೆ. ಎರಡೂ ವಾಲ್ವುಗಳನ್ನು ಕಿತ್ತು ಕೈಯಿಂದ ಕೈಗೆ ದಾಟಿಸಿದೆ. ಆ ಹೊತ್ತಿಗೆ ಯಾರೋ "ಒಳಗೆ ಎಷ್ಟು ವೋಲ್ಟ್ ಸರ್?" ಅಂದರು. ವಾಲ್ವು ಇಲ್ಲದೆಯೇ ಸ್ವಿಚ್ ಹಾಕಿ ಮೀಟರಿನಲ್ಲಿ 325 ತೋರಿಸಿದೆ. ಮಕ್ಕಳೆಲ್ಲ ಹೋ ಎಂದರು. ಆಮೇಲೆ ಪ್ಲಗ್ ತೆಗೆದು, "ಈಗ ಹತ್ತಿರ ಬಂದು ನೋಡಿ, ಕರೆಂಟಿಲ್ಲ" ಅಂದೆ.

ಮನೆಯಲ್ಲಿ ನಾನು ಮೀಟರ್ ಇಟ್ಟು ನೋಡಿದಾಗ ವಾಲ್ವುಗಳು ತಮ್ಮ ಜಾಗದಲ್ಲಿದ್ದವು. ಬಿಸಿಯಾಗಿರುವಷ್ಟು ಹೊತ್ತು ಅವೇ ಕಂಡೆನ್ಸರನ್ನು ಕುಡಿದು ಬರಿದು ಮಾಡುತ್ತಿದ್ದವು. ಈಗ ಅವು ಮಕ್ಕಳ ಕೈಯಲ್ಲಿ. ಬ್ಲೀಡರ್ ಕಸದ ಬುಟ್ಟಿಯಲ್ಲಿ. 325 ವೋಲ್ಟಿಗೆ ಹೋಗಲು ದಾರಿಯೇ ಇಲ್ಲ. ಇಷ್ಟು ಸರಳವಾದದ್ದು ಭೌತಶಾಸ್ತ್ರದ ಮೇಷ್ಟ್ರಿಗೆ ಹೊಳೆಯಲಿಲ್ಲ.

ಮುಂದೆ ನಿಂತಿದ್ದ ಒಂಬತ್ತನೆಯ ತರಗತಿಯ ಹುಡುಗ "ಕಂಡೆನ್ಸರ್ ಇದಾ ಸರ್?" ಅಂತ ಬೆರಳು ಇಟ್ಟ. ಅವನ ಅಂಗೈ ಪೆಟ್ಟಿಗೆಯ ಅಂಚಿನ ತಗಡಿನ ಮೇಲಿತ್ತು. ಚಟ್ ಅಂತ ಒಂದು ಸದ್ದು. ಹುಡುಗ ಹಿಂದಕ್ಕೆ ಎಗರಿ ಬೆಂಚಿನ ಮೇಲೆ ಬಿದ್ದ. ತರಗತಿ ಸ್ತಬ್ಧ.

ಅವನು ಎದ್ದು ಕೂತು ಬೆರಳು ನೋಡಿಕೊಳ್ಳುವವರೆಗಿನ ಆ ಕ್ಷಣಗಳನ್ನು ನಾನು ಇಲ್ಲಿ ಬರೆಯಲಾರೆ. ತೋರುಬೆರಳಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಸುಟ್ಟ ಕಲೆ, ಮೊಣಕೈವರೆಗೆ ಜೋಮು. ಆಸ್ಪತ್ರೆಗೆ ಕರೆದುಕೊಂಡು ಹೋದೆ, ಡಾಕ್ಟರು ಪರೀಕ್ಷಿಸಿ ಏನೂ ಇಲ್ಲ ಅಂದರು. ಒಂದೇ ಕೈಯಲ್ಲಿ ಹಾದುಹೋಗಿತ್ತು. ಇನ್ನೊಂದು ಕೈ ತಗಡಿನ ಮೇಲೆ ಇದ್ದಿದ್ದರೆ ಎದೆಯ ಮೂಲಕ ಹಾಯುತ್ತಿತ್ತು. ಲೆಕ್ಕ ಹಾಕಿದರೆ ಐದು ಜೂಲ್ ಹತ್ತಿರ. ಆ ಲೆಕ್ಕವನ್ನು ಮಾಡಿದ್ದು ಆ ರಾತ್ರಿ, ನಿದ್ದೆ ಬಾರದೆ.

ಹೆಡ್‌ಮಾಸ್ಟರಿಗೆ ನಾನೇ ಹೋಗಿ ನಡೆದದ್ದು ನಡೆದ ಹಾಗೆ ಹೇಳಿದೆ. ಸಂಜೆ ಹುಡುಗನ ಮನೆಗೆ ಹೋದೆ. ಅವನ ಅಪ್ಪ ಅಡಿಕೆ ಮರ ಏರಿ ಕೊನೆ ತೆಗೆಯುವವರು. ತಪ್ಪು ನನ್ನದು, ಅವನದಲ್ಲ ಅಂದೆ. ಅವರು ತುಳುವಿನಲ್ಲಿ, ಮರದಿಂದ ಬಿದ್ದವರನ್ನು ಎಷ್ಟೋ ಕಂಡಿದ್ದೇವೆ ಮಾಸ್ಟ್ರೆ, ಇದು ಎಂತದು, ಅಂತ ನನಗೇ ಸಮಾಧಾನ ಹೇಳಿದರು. ಅವನ ಅಮ್ಮ ಚಾ ತಂದುಕೊಟ್ಟು ಮೆಲ್ಲಗೆ ಕೇಳಿದರು: "ಇವನನ್ನು ಆ ಕ್ಲಬ್ಬಿನಿಂದ ತೆಗೆಯುವುದಿಲ್ಲವಲ್ಲ?" ಬೈದಿದ್ದರೆ ಒಳ್ಳೆಯದಿತ್ತು.

ಅಲ್ಲಿಂದ ನೇರ ಮೈಕಣ್ಣನ ಅಂಗಡಿಗೆ. ಅವರೂ ಬೈಯಲಿಲ್ಲ.

"ಅದನ್ನು ತೆಗೆದದ್ದು ಎಂತಕ್ಕೆ?"

"ಶಬ್ದ ಇನ್ನೂ ಸ್ವಚ್ಛ ಆಗಲಿ ಅಂತ."

"ಆಯ್ತಾ?"

"ಇಲ್ಲ."

ಡ್ರಾಯರಿನಲ್ಲಿ ತಡಕಾಡಿ 220 ಕಿಲೋ ಓಮಿನ, ಎರಡು ವಾಟಿನ ಮೂರು ರೆಸಿಸ್ಟರ್ ನನ್ನ ಕೈಗೆ ಹಾಕಿದರು. ಒಂದು ಸಾಕಲ್ಲ ಅಂದೆ. "ಪುನಃ ತೆಗಿಬೇಕು ಅಂತ ಅನಿಸಿದ್ರೆ ಬೇಕಲ್ಲ" ಅಂತ ಬೀಡಿ ಹಚ್ಚಿದರು. ಒಂದನ್ನು ಅದೇ ರಾತ್ರಿ ಬೆಸೆದೆ. ಈಗ ವಾಲ್ವು ಇರಲಿ ಇಲ್ಲದಿರಲಿ, ಪ್ಲಗ್ ತೆಗೆದ ಒಂದು ನಿಮಿಷಕ್ಕೆ 325 ವೋಲ್ಟ್ ಇಪ್ಪತ್ತಕ್ಕಿಂತ ಕೆಳಗೆ ಇಳಿದಿರುತ್ತದೆ. ಉಳಿದ ಎರಡು ನನ್ನ ಪೆನ್ನಿನ ಡಬ್ಬದಲ್ಲಿವೆ. ಮೈಕಣ್ಣ ಈಗ ಇಲ್ಲ. ಕೊನೆಯ ವರ್ಷಗಳಲ್ಲಿ ಅವರಿಗೆ ಕಿವಿ ಮಂದವಾಗಿತ್ತು. ನಾನು ನುಡಿಸುವಾಗ ಸ್ಪೀಕರಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಸರಿ ಇದೆ ಅಂತ ತಲೆಯಾಡಿಸುತ್ತಿದ್ದರು.

ಆ ಹುಡುಗ ಮುಂದೆ ಪಾಲಿಟೆಕ್ನಿಕ್ ಮಾಡಿ ಈಗ ಮಂಗಳೂರಿನಲ್ಲಿ ಇನ್ವರ್ಟರ್ ರಿಪೇರಿ ಮಾಡುತ್ತಾನೆ. ಇದನ್ನು ಬರೆಯಬಹುದಾ ಅಂತ ಅವನನ್ನು ಕೇಳಿದೆ. "ಹೆಸರು ಹಾಕಬೇಡಿ ಸರ್, ಕಸ್ಟಮರಿಗೆ ಗೊತ್ತಾದರೆ ಕಷ್ಟ" ಅಂತ ನಕ್ಕ.

ಮೊನ್ನೆ ಶನಿವಾರ ಅವನು ಬಂದಿದ್ದ. ಮಿಡ್ಲಿನ ಕಂಟ್ರೋಲು ಕರಕರ ಅನ್ನುತ್ತಿತ್ತು, ಬದಲಿಸಬೇಕಿತ್ತು. ನನ್ನ ಕಣ್ಣಿಗೆ ಈಗ ಸಣ್ಣ ಬೆಸುಗೆ ಕಾಣುವುದಿಲ್ಲ, ಅವನದೇ ಕೈ. ಕೊಡೆ ಮಡಚಿ, ತಲೆ ಒರೆಸಿಕೊಂಡು ಮೇಜಿನ ಹತ್ತಿರ ಬಂದ. ಪೆಟ್ಟಿಗೆ ಇನ್ನೂ ಉರಿಯುತ್ತಿತ್ತು. ಸ್ವಿಚ್ ಆರಿಸಬೇಕು ಅನ್ನುವಷ್ಟರಲ್ಲಿ ಊರಿನ ಕರೆಂಟೇ ಹೋಯಿತು. ಮನೆ ಕತ್ತಲಾಯಿತು, ಎರಡು ವಾಲ್ವುಗಳ ಕಿತ್ತಳೆ ಬೆಳಕು ಮಾತ್ರ ಮೆಲ್ಲಮೆಲ್ಲಗೆ ಕೆಂಪಾಗುತ್ತಾ ಆರಿತು.

ಅವನು ಮೊದಲು ಪ್ಲಗ್ ಕಿತ್ತು ಮೇಜಿನ ಮೇಲೆ ನನಗೆ ಕಾಣುವ ಹಾಗೆ ಇಟ್ಟ. ಎಡಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಮೊಬೈಲಿನ ಬೆಳಕು ಬಿಟ್ಟು ಒಳಗೆ ಇಣುಕಿ, ಕಂಡೆನ್ಸರಿನ ಹಿಂದೆ ಅಡಗಿ ಕೂತಿರುವ ರೆಸಿಸ್ಟರನ್ನು ಹುಡುಕಿದ.

"ಉಂಟು" ಅಂದ. ಆದರೂ ಮುಟ್ಟಲಿಲ್ಲ.

"ಮೀಟರ್ ಕೊಡಿ ಸರ್."

ನಾನು ಮೀಟರ್ ಹುಡುಕಲು ಎದ್ದೆ.